ಮಡಕೆಯ ಲೆಕ್ಕ, ಮೈಯ ಲೆಕ್ಕ

ಸೀತೆಯೂ ಸ್ವರ್ಣೆಯೂ ಕಡಲನ್ನು ಕೂಡುವ ಅಳಿವೆಯ ಮಗ್ಗುಲಲ್ಲಿ ಹಂಗಾರಕಟ್ಟೆಯೆಂಬ ಬಂದರು ಇರುವುದು ನಮ್ಮ ಕರಾವಳಿಯ ವಾಚಕರಿಗೆ ತಿಳಿದೇ ಇದೆ. ಈಗ ಅದು ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿಗೆ ಸೇರಿದೆ. ನೀರಿನಾಚೆ ಕೋಡಿಬೆಂಗ್ರೆ, ಸೀತಾನದಿಯ ಮೇಲ್ದೆಸೆಗೆ ಹೋದರೆ ಪೂರ್ವದಲ್ಲಿ ಆಳುಪರ ರಾಜಧಾನಿಯಾಗಿದ್ದ ಬಾರಕೂರು. ಸಿಹಿನೀರೂ ಉಪ್ಪುನೀರೂ ಬೆರೆಯುವ ಇಂತಹ ಸ್ಥಳದ ಅಡಿಗೆಮನೆಗಳಿಗೆ ಒಂದು ವಿಶೇಷವುಂಟು. ಕಡಲ ಮೀನು, ಹೊಳೆಯ ಮೀನು ಎರಡೂ ಅಲ್ಲಿ ಒಂದೇ ಒಲೆಯ ಮೇಲೆ ಬೇಯುವುವು. ಆಹಾರಶಾಸ್ತ್ರದಲ್ಲಿ ಕಳೆದ ಕಾಲು ಶತಮಾನದಿಂದ ಬೆಳೆದುಬಂದಿರುವ ಒಂದು ವಿದ್ಯೆಯನ್ನು ಈ ತಿಂಗಳು ವಾಚಕರಿಗೆ ಪರಿಚಯಮಾಡಿಕೊಡಲು ನಾವು ಇಂತಹ ಊರೊಂದನ್ನೇ ಎದುರಿಗಿಟ್ಟುಕೊಂಡಿರುವೆವು. ಆ ವಿದ್ಯೆಯ ಬಲವೂ ಅದರ ಕೊರತೆಯೂ ಇಲ್ಲಿಯ ಊಟದ ಬಟ್ಟಲಿನಲ್ಲಿ ಚೆನ್ನಾಗಿ ಕಾಣುವುವು.

ಆ ಊರಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅತ್ತೆ, ಮಾವ, ಮಗ, ಸೊಸೆ, ಇಬ್ಬರು ಮಕ್ಕಳು. ಬೆಳಿಗ್ಗೆ ದೋಣಿಯಿಂದ ಬಂದ ಬಂಗುಡೆಯನ್ನು ಸೊಸೆಯು ಹೆಚ್ಚಿ ತೊಳೆದು, ತೆಂಗಿನಕಾಯಿ ಮಸಾಲೆ ಅರೆದು, ಸಾರು ಮಾಡಿರುವಳು. ಮಧ್ಯಾಹ್ನ ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ, ಆಮೇಲೆ ಅತ್ತೆಗೆ ಬಡಿಸುವಳು. ತನ್ನ ಸರದಿ ಬರುವ ಹೊತ್ತಿಗೆ ಮಡಕೆಯಲ್ಲಿ ಸಾರು ಇರುವುದು, ಹೋಳು ಇರುವುದಿಲ್ಲ. ಕುಚ್ಚಲಕ್ಕಿಯ ಅನ್ನಕ್ಕೆ ಆ ಸಾರನ್ನೇ ಹಾಕಿಕೊಂಡು ಉಂಡು ಏಳುವಳು. ಮಾರನೆಯ ದಿನ ಆಹಾರದ ಸಮೀಕ್ಷೆಗೆಂದು ಒಬ್ಬರು ಪುಸ್ತಕ ಹಿಡಿದು ಬಂದು, "ಅಮ್ಮಾ, ನಿನ್ನೆ ಮಧ್ಯಾಹ್ನ ತಾವು ಏನು ಊಟ ಮಾಡಿದಿರಿ?" ಎಂದು ಕೇಳಿದರೆ ಆಕೆಯ ಉತ್ತರವೇನು? "ಎಲ್ಲರಿಗೂ ಮಾಡಿದ್ದನ್ನೇ ಉಂಡೆ, ಮೀನುಸಾರು, ಅನ್ನ." ಆಕೆ ಸುಳ್ಳು ಹೇಳಿದಳೆಂದು ಯಾರೂ ಹೇಳಲಾರರು. ಮನೆಯ ಮಾನವನ್ನು ಕಾಪಾಡುವ ಮಾತು ಅದು. ಆದರೆ ಪುಸ್ತಕದಲ್ಲಿ ಗಂಡನ ಊಟವೂ ಹೆಂಡತಿಯ ಊಟವೂ ಒಂದೇ ಆಗಿಬಿಟ್ಟಿತು.

ಇಂತಹ ಪುಸ್ತಕಗಳನ್ನು ಒಟ್ಟುಗೂಡಿಸಿಯೇ ಯಾವ ಪ್ರಾಂತದ ಜನರು ಏನು ತಿನ್ನುವರು, ಯಾರಿಗೆ ಯಾವ ಸತ್ತ್ವವು ಸಾಲದು ಎಂಬ ನಿರ್ಣಯಗಳನ್ನು ಮಾಡಿಕೊಂಡು ಬಂದಿರುವರು. ಮಡಕೆಯಲ್ಲಿ ಏನಿತ್ತೆಂಬುದು ಅವುಗಳಿಂದ ತಿಳಿಯುವುದು. ಯಾರ ಮೈಗೆ ಏನು ಹತ್ತಿತೆಂಬುದು ಅಷ್ಟಾಗಿ ತಿಳಿಯದು. ಈ ಎರಡನೆಯ ಪ್ರಶ್ನೆಯನ್ನು ಮನುಷ್ಯನ ರಕ್ತಮೂತ್ರಾದಿಗಳನ್ನೇ ಕೇಳಿ ತಿಳಿಯುವ ವಿದ್ಯೆಗೆ ಮೆಟಬೊಲಾಮಿಕ್ಸ್ ಎಂದು ಹೆಸರು. ಕನ್ನಡದಲ್ಲಿ ಚಯಾಪಚಯ ವಸ್ತುಗಳ ಸಮಗ್ರ ಪರೀಕ್ಷೆ ಎನ್ನಬಹುದು.

ಹಳೆಯ ವಿದ್ಯೆಯನ್ನು ನಾವು ಹಗುರಾಗಿ ಕಾಣತಕ್ಕದ್ದಲ್ಲ. ಅದರಿಂದ ಲಕ್ಷಾಂತರ ಜನರ ಪ್ರಾಣ ಉಳಿದಿದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯ ಕಥೆಯೇ ಇದಕ್ಕೆ ಸಾಕ್ಷಿ. 1897ರಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್ಮನ್ ಎಂಬ ಡಚ್ಚು ವೈದ್ಯನು, ಪಾಲಿಷ್ ಮಾಡಿದ ಬಿಳಿಯ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಕಾಲುಗಳ ಬಲ ಉಡುಗಿ ಬೆರಿಬೆರಿಯನ್ನು ಹೋಲುವ ರೋಗ ಬರುವುದನ್ನೂ, ತೌಡು ಹೋಗದ ಅಕ್ಕಿಯನ್ನು ಹಾಕಿದರೆ ಅದು ವಾಸಿಯಾಗುವುದನ್ನೂ ವಿವರಿಸಿದನು. 1909ರಲ್ಲಿ ಮಲಯ ದೇಶದಲ್ಲಿ ಫ್ರೇಸರ್ ಮತ್ತು ಸ್ಟಾಂಟನ್ ಎಂಬ ವೈದ್ಯರಿಬ್ಬರು ರಸ್ತೆಯ ಕೂಲಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಬೆಳ್ತಿಗೆ ಅಕ್ಕಿಯನ್ನೂ ಇನ್ನೊಂದಕ್ಕೆ ಕುಚ್ಚಲಕ್ಕಿಯನ್ನೂ ಕೊಟ್ಟು ನೋಡಿದುದನ್ನು ಪ್ರಕಟಿಸಿದರು. ಬೆಳ್ತಿಗೆಯ ಪಂಗಡದಲ್ಲಿ ಬೆರಿಬೆರಿ ಕಾಣಿಸಿಕೊಂಡಿತು, ಕುಚ್ಚಲಕ್ಕಿಯವರಲ್ಲಿ ಇಲ್ಲ. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸುವಾಗ ತೌಡಿನ ಭಾಗದಲ್ಲಿರುವ ತಯಮೀನ್ ಎಂಬ ಬಿ ಜೀವಸತ್ತ್ವವು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುವುದರಿಂದ, ಮೇಲಿನ ತೌಡು ಹೋದರೂ ಅದು ಪೂರ್ತಿಯಾಗಿ ಹೋಗದು. ನಮ್ಮ ಅಜ್ಜಿಯಂದಿರು ಅಂಗಳದಲ್ಲಿ ಹಂಡೆಯಿಟ್ಟು ಭತ್ತ ಬೇಯಿಸುತ್ತಿದ್ದುದರ ಗುಣವು ಹೀಗೆ ಲೋಕಕ್ಕೆ ತಿಳಿದುಬಂತು.

ಆ ಬೆರಿಬೆರಿಯ ವಿಚಾರಣೆಗೆಂದೇ ನಮ್ಮ ದೇಶದಲ್ಲಿಯೂ 1918ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ನರ ಕೈಕೆಳಗೆ ಒಂದು ಸಣ್ಣ ಶಾಲೆ ಆರಂಭವಾಯಿತು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿಕೊಂಡಿದೆ. ಮೈಸೂರಿನ ಚೆಲುವಾಂಬಾ ಮಂದಿರದಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯವನ್ನೂ ನಮ್ಮ ವಾಚಕರು ಬಲ್ಲರು. ಹೈದರಾಬಾದಿನ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ನಮ್ಮ ದೇಶದ 528 ಆಹಾರಪದಾರ್ಥಗಳ ಸತ್ತ್ವಗಳ ಲೆಕ್ಕವಿದೆ. ಇವೆಲ್ಲವೂ ಮಡಕೆಯ ಲೆಕ್ಕಗಳು. ಮೈಯ ಲೆಕ್ಕವು ಇವುಗಳ ಮೇಲೆಯೇ ನಿಲ್ಲತಕ್ಕದ್ದು.

ಹಾಗಾದರೆ ಮೈಯ ಲೆಕ್ಕವೆಂದರೇನು? ಉಂಡ ಅನ್ನವು ಹೊಟ್ಟೆಯಲ್ಲಿ ಜೀರ್ಣವಾಗಿ ರಕ್ತಕ್ಕೆ ಸೇರಿದ ಮೇಲೆ, ದೇಹವು ಅದನ್ನು ಒಡೆದು ಶಕ್ತಿ ಪಡೆಯುವುದು, ಕಟ್ಟಿ ಮಾಂಸಮಜ್ಜೆ ಮಾಡಿಕೊಳ್ಳುವುದು. ಈ ಕಟ್ಟುವ ಒಡೆಯುವ ಕೆಲಸಕ್ಕೆ ಚಯಾಪಚಯವೆಂದು ಹೆಸರು. ಅದರ ನಡುವೆ ಹುಟ್ಟುವ ಸಣ್ಣ ಸಣ್ಣ ವಸ್ತುಗಳು ಸಾವಿರಾರು: ಸಕ್ಕರೆಗಳು, ಆಮ್ಲಗಳು, ಕೊಬ್ಬಿನ ತುಣುಕುಗಳು, ಮಸಾಲೆಯಿಂದ ಬಂದವು, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಮಾಡಿದವು. ಅವು ರಕ್ತದಲ್ಲಿ ಹರಿದು, ಕೆಲವು ಉಸಿರಿನಲ್ಲಿಯೂ ಕೆಲವು ಬೆವರಿನಲ್ಲಿಯೂ ಬಹಳಷ್ಟು ಮೂತ್ರದಲ್ಲಿಯೂ ಹೊರಬರುವುವು. ಅಡಿಗೆಮನೆಯ ಬಚ್ಚಲ ನೀರನ್ನು ನೋಡಿ ಈ ದಿನ ಅಕ್ಕಿ ತೊಳೆದರೋ ಮೀನು ತೊಳೆದರೋ ಎಂದು ನೆರೆಮನೆಯಾಕೆ ಹೇಳುವಂತೆಯೇ ಇದೂ ಸಹ.

ಈ ಯುಕ್ತಿಯು ಹೊಸದೇನೂ ಅಲ್ಲ. ಮಧುಮೇಹವೆಂಬ ಹೆಸರೇ ಮೂತ್ರವು ಜೇನಿನಂತಿರುವುದೆಂದು ನಮ್ಮ ಪ್ರಾಚೀನ ವೈದ್ಯರು ಕಂಡುಕೊಂಡಿದ್ದರೆಂಬುದನ್ನು ತೋರಿಸುವುದು. 1674ರಲ್ಲಿ ಇಂಗ್ಲೆಂಡಿನ ವಿಲ್ಲಿಸ್ ಎಂಬ ವೈದ್ಯನೂ ಇದನ್ನೇ ಬರೆದನು. 1902ರಲ್ಲಿ ಲಂಡನ್ನಿನ ಗ್ಯಾರಡ್ ಎಂಬಾತನು, ಕೆಲವು ಶಿಶುಗಳ ಮೂತ್ರವು ಕಪ್ಪಾಗುವುದನ್ನು ಪರೀಕ್ಷಿಸಿ, ಹುಟ್ಟಿನಿಂದಲೇ ಚಯಾಪಚಯದ ಒಂದು ಮೆಟ್ಟಿಲು ತಪ್ಪಿರುವುದರಿಂದ ಹಾಗಾಗುವುದೆಂದು ವಾದಿಸಿದನು. ಇವರೆಲ್ಲರೂ ಒಂದೊಂದು ವಸ್ತುವನ್ನು ಹಿಂಬಾಲಿಸಿದವರು. ಎಲ್ಲವನ್ನೂ ಒಟ್ಟಿಗೆ ನೋಡುವ ಪ್ರಯತ್ನದಲ್ಲಿ ಮುಂದಾದವರಲ್ಲಿ ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ಲೈನಸ್ ಪೌಲಿಂಗ್ ಒಬ್ಬರು. 1971ರಲ್ಲಿ ಅವರೂ ಅವರ ಸಂಗಡಿಗರೂ ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳನ್ನೂ ಮೂತ್ರದ ಆವಿಯಲ್ಲಿ ಸುಮಾರು 280 ವಸ್ತುಗಳನ್ನೂ ಬೇರ್ಪಡಿಸಿ ತೋರಿಸಿದರು. ಇಂತಹ ವಸ್ತುಗಳ ಇಡೀ ಸಮೂಹಕ್ಕೆ ಮೆಟಬೊಲೋಮ್ ಎಂಬ ಹೆಸರು ಬಂದುದು 1998ರಲ್ಲಿ. 2007ರಲ್ಲಿ ಕೆನಡಾದ ವಿದ್ವಾಂಸರು ಮಾನವದೇಹದ ಈ ವಸ್ತುಗಳ ಒಂದು ದೊಡ್ಡ ಕೋಶವನ್ನು ಪ್ರಕಟಿಸಿದರು.

ಇದಕ್ಕೆ ಬೇಕಾಗುವ ಯಂತ್ರಗಳು ಮುಖ್ಯವಾಗಿ ಮೂರು ತತ್ತ್ವಗಳ ಮೇಲೆ ನಡೆಯುವುವು. ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯ ಹನಿಯು ಹರಡುವಾಗ ಅದರ ಬಣ್ಣಗಳು ಬೇರೆ ಬೇರೆಯಾಗುವುದನ್ನು ಮಕ್ಕಳೂ ನೋಡಿರುವರು. ಅದೇ ರೀತಿಯಲ್ಲಿ ಒಂದು ಸಣ್ಣ ಕೊಳವೆಯ ಮೂಲಕ ಮಿಶ್ರಣವನ್ನು ಹರಿಯಿಸಿ ವಸ್ತುಗಳನ್ನು ಬಿಡಿಸುವುದು ಮೊದಲನೆಯದು. ಹೀಗೆ ಬಿಡಿಸಿದ ಒಂದೊಂದು ಅಣುವಿಗೂ ವಿದ್ಯುತ್ತಿನ ಸೋಂಕು ಕೊಟ್ಟು ಅದರ ತೂಕವನ್ನು ಗೊತ್ತುಮಾಡುವ ಮಾಸ್ ಸ್ಪೆಕ್ಟ್ರೋಮೀಟರ್ ಎರಡನೆಯದು. 1919ರಲ್ಲಿ ಆಸ್ಟನ್ ಕಟ್ಟಿದ ಯಂತ್ರದ ವಂಶದ್ದು. ಬಲವಾದ ಅಯಸ್ಕಾಂತದ ನಡುವೆ ದ್ರವವನ್ನಿಟ್ಟು, ರೇಡಿಯೋ ಅಲೆಗಳಿಗೆ ಅದರ ಪರಮಾಣುಗಳು ಕೊಡುವ ಮಾರುತ್ತರವನ್ನು ಕೇಳುವುದು ಮೂರನೆಯದು. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಕಂಡುಹಿಡಿದ ಈ ತತ್ತ್ವವೇ ಇಂದು ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದಲ್ಲಿಯೂ ಇರುವುದು.

ಇನ್ನು ಹಂಗಾರಕಟ್ಟೆಯ ಮೀನುಸಾರಿಗೆ ಮರಳೋಣ. ಕಡಲ ಮೀನಿನ ಮಾಂಸದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತುವೊಂದು ಇರುವುದು. ಉಪ್ಪುನೀರಿನಲ್ಲಿ ಬದುಕುವ ಜೀವಿಗೆ ಅದು ತನ್ನ ಮೈಯ ನೀರನ್ನು ಹಿಡಿದುಕೊಳ್ಳಲು ನೆರವಾಗುವುದು. ಆಳದ ಕಡಲಿನ ಮೀನುಗಳಲ್ಲಿ ಅದು ಇನ್ನೂ ಹೆಚ್ಚು. ಮೀನು ಸತ್ತ ಮೇಲೆ ಸೂಕ್ಷ್ಮಜೀವಿಗಳು ಇದನ್ನು ಟ್ರೈಮೀಥೈಲಮೀನಾಗಿ ಮಾರ್ಪಡಿಸುವುವು. ಹಳಸಿದ ಮೀನಿನ ನಾತವು ಬಹುಮಟ್ಟಿಗೆ ಅದರದೇ. ಹುಣಿಸೆಹುಳಿಯನ್ನೋ ನಿಂಬೆಯನ್ನೋ ಹಾಕಿದರೆ ನಾತವು ತಗ್ಗುವುದೇಕೆಂದರೆ, ಹುಳಿಯೊಡನೆ ಅದು ಕೂಡಿಕೊಂಡು ಗಾಳಿಗೆ ಏಳದಂತಾಗುವುದು. ಸಿಹಿನೀರಿನ ಮೀನುಗಳಲ್ಲಿ ಮೂಲವಸ್ತುವೇ ಬಹಳ ಕಡಿಮೆ.

2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 40 ಮಂದಿ ಆರೋಗ್ಯವಂತ ತರುಣರಿಗೆ ಬೇರೆ ಬೇರೆ ದಿನ ಮೀನು, ಮೊಟ್ಟೆ, ಗೋಮಾಂಸ, ಹಣ್ಣು ಇವುಗಳನ್ನು ತಿನ್ನಿಸಿ ರಕ್ತಮೂತ್ರಗಳನ್ನು ಪರೀಕ್ಷಿಸಿದರು. ಮೀನು ತಿಂದ ಕಾಲು ಗಂಟೆಯಲ್ಲಿಯೇ ಈ ವಸ್ತುವು ರಕ್ತದಲ್ಲಿ ಏರಿತು. ಉಳಿದವುಗಳಿಗೆ ಹೋಲಿಸಿದರೆ ಮೀನಿನದು ಸುಮಾರು ಐವತ್ತು ಪಟ್ಟು ಹೆಚ್ಚಾಗಿತ್ತು. ಆದುದರಿಂದ ಕಡಲ ಮೀನಿನ ಊಟಕ್ಕೆ ಇದೊಂದು ಗುರುತು. ಬಾಯಿ ಏನೇ ಹೇಳಲಿ, ಮೂತ್ರವು ಹೇಳುವುದು.

ಅಷ್ಟರಿಂದಲೇ ನಮ್ಮ ಸೊಸೆಯ ಕಥೆಯು ಇತ್ಯರ್ಥವಾಯಿತೆ? ಇಲ್ಲ. ಈ ವಸ್ತುವು ನೀರಿನಲ್ಲಿ ಕರಗುವಂಥದು. ಹೋಳಿನಿಂದ ಸಾರಿಗೂ ಇಳಿಯುವುದು. ಹೋಳು ತಿಂದ ಗಂಡನ ಮೂತ್ರದಲ್ಲಿರುವಂತೆ ಸಾರು ಉಂಡ ಹೆಂಡತಿಯ ಮೂತ್ರದಲ್ಲಿಯೂ ಸ್ವಲ್ಪಮಟ್ಟಿಗೆ ಕಾಣಿಸಿಕೊಂಡೀತು. ಮೇಲಾಗಿ ಒಂದೆರಡು ದಿನಗಳಲ್ಲಿ ಇದು ದೇಹದಿಂದ ಹೊರಟುಹೋಗುವುದು. ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನಗಳಲ್ಲಿ ಹೊಳೆಯ ಮೀನಿನಲ್ಲಿಯೇ ಮನೆ ನಡೆದರೆ, ಆಗ ಪರೀಕ್ಷೆಗೆ ಬಂದವನು ಈ ಊರಿನವರು ಮೀನನ್ನೇ ತಿನ್ನರೆಂದು ಬರೆದುಕೊಂಡು ಹೋದಾನು!

ಆದುದರಿಂದ ಬಲ್ಲವರು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಬೇರೆ ಬೇರೆ ನೆನಪಿನ ಹಲವು ಸಾಕ್ಷಿಗಳನ್ನು ಕರೆಯುವರು. ಬೂತಾಯಿ, ಬಂಗುಡೆಗಳಲ್ಲಿ ಹೇರಳವಾಗಿರುವ ಒಮೇಗಾ-3 ಎಂಬ ಕೊಬ್ಬು ಕೆಂಪು ರಕ್ತಕಣಗಳ ಹೊದಿಕೆಯಲ್ಲಿ ಸೇರಿಕೊಳ್ಳುವುದು. ಆ ಕಣಗಳ ಆಯುಸ್ಸು ಸುಮಾರು 120 ದಿನ. ಆದುದರಿಂದ ಒಂದು ಮಳೆಗಾಲಕ್ಕೆ ಸಮೀಪವಾದಷ್ಟು ಕಾಲದ ಊಟದ ನೆನಪು ಅವುಗಳಲ್ಲಿರುವುದು. ಸಕ್ಕರೆ ರೋಗದವರಿಗೆ ವೈದ್ಯರು ಬರೆದುಕೊಡುವ ಮೂರು ತಿಂಗಳ ಸಕ್ಕರೆಯ ಪರೀಕ್ಷೆಯೂ ಇದೇ ರಕ್ತಕಣಗಳ ನೆನಪನ್ನು ಓದುವುದು. ನಿನ್ನೆಯದನ್ನು ಹೇಳುವ ಮೂತ್ರ, ತಿಂಗಳುಗಳದನ್ನು ಹೇಳುವ ರಕ್ತಕಣ, ಇವೆರಡರ ಜೊತೆಗೆ ಪುಸ್ತಕ ಹಿಡಿದು ಕೇಳಿದ ಮಾತು: ಮೂರೂ ಕೂಡಿದಾಗ ಸತ್ಯವು ಹತ್ತಿರ ಬರುವುದು. 2017ರಲ್ಲಿಯೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 19 ಮಂದಿಯನ್ನು ತಮ್ಮಲ್ಲಿಯೇ ಇರಿಸಿಕೊಂಡು, ಪಥ್ಯಕ್ಕೆ ಹತ್ತಿರವಾದುದರಿಂದ ಹಿಡಿದು ದೂರವಾದುದರ ವರೆಗೆ ನಾಲ್ಕು ಬಗೆಯ ಊಟಗಳನ್ನು ಮೂರು ಮೂರು ದಿನ ಕೊಟ್ಟು, ಮೂತ್ರದ ಒಟ್ಟು ಚಿತ್ರವನ್ನು ನೋಡಿಯೇ ಯಾರದು ಯಾವ ಊಟವೆಂದು ವಿಂಗಡಿಸಬಹುದೆಂದು ತೋರಿಸಿದರು.

ಇಲ್ಲಿ ನಮ್ಮ ಗೃಹಿಣಿಯರು ಗಮನಿಸತಕ್ಕ ಒಂದು ಸಂಗತಿಯಿದೆ. ಇಂತಹ ಗುರುತುಗಳಲ್ಲಿ ಬಹಳವನ್ನು ಗೊತ್ತುಮಾಡಿದುದು ಯೂರೋಪು ಅಮೆರಿಕಗಳ ಊಟವನ್ನು ನೋಡಿ. ಕಿತ್ತಳೆಯ ಜಾತಿಯ ಹಣ್ಣು ತಿಂದವರ ಮೂತ್ರದಲ್ಲಿ ಪ್ರೋಲಿನ್ ಬೀಟೇನ್ ಬರುವುದು. ಆ ಗುರುತು ಇಲ್ಲಿಯೂ ಸಲ್ಲುವುದು. ಕಾಫಿ ಕುಡಿದವರ ಗುರುತುಗಳಲ್ಲಿ ಟ್ರಿಗೊನೆಲಿನ್ ಎಂಬುದೊಂದನ್ನು ಹೇಳುವರು. ಈ ಹೆಸರು ಎಲ್ಲಿಂದ ಬಂತು? ಮೆಂತೆಯ ಶಾಸ್ತ್ರೀಯ ನಾಮಧೇಯವಾದ ಟ್ರಿಗೊನೆಲ್ಲಾದಿಂದ. 1885ರಲ್ಲಿ ಅದನ್ನು ಮೊದಲು ಬೇರ್ಪಡಿಸಿದುದು ಮೆಂತೆಯ ಕಾಳಿನಿಂದಲೇ. ದೋಸೆಯ ಹಿಟ್ಟಿಗೆ ಮೆಂತೆ, ಸಾರಿನ ಪುಡಿಗೆ ಮೆಂತೆ, ಮೀನಿನ ಮಸಾಲೆಗೆ ಮೆಂತೆ, ಬಾಣಂತಿಗೆ ಮೆಂತೆಯ ಗಂಜಿ! ಲಂಡನ್ನಿನ ಕೋಷ್ಟಕವನ್ನು ಹಿಡಿದು ನಮ್ಮ ಬಾಣಂತಿಯ ಮೂತ್ರವನ್ನು ಓದಿದರೆ, ಕಾಫಿಯ ಹನಿಯನ್ನೂ ಮುಟ್ಟದ ಆಕೆಯನ್ನು ದೊಡ್ಡ ಕಾಫಿಪ್ರಿಯೆಯೆಂದು ಹೇಳಬೇಕಾದೀತು. ನಮ್ಮ ಊಟವನ್ನು ಬಲ್ಲವರು ಜೊತೆಯಲ್ಲಿಲ್ಲದೆ ಯಂತ್ರವು ಎಷ್ಟು ಚುರುಕಾದರೇನು? ನಮ್ಮ ಕುಚ್ಚಲಕ್ಕಿ, ಬಸಳೆ, ಹರಿವೆ, ಒಣಮೀನು, ಮಟ್ಟುಗುಳ್ಳ ಇವುಗಳ ಗುರುತುಗಳನ್ನು ನಮ್ಮವರ ಮೈಯಲ್ಲಿಯೇ ಹುಡುಕಿ ಕೋಶಕ್ಕೆ ಸೇರಿಸುವ ಕೆಲಸವು ನಮ್ಮ ವಿದ್ಯಾಲಯಗಳಿಗೆ ಸೇರಿದುದು.

ಸಾಕ್ಷಿಯನ್ನು ನ್ಯಾಯಾಧೀಶನೆಂದು ತಿಳಿಯುವುದೂ ಒಂದು ಅಪಾಯ. ಮೀನಿನ ಗುರುತೆಂದು ಹೇಳಿದ ವಸ್ತುವಿನ ಚರಿತ್ರೆಯನ್ನೇ ನೋಡಿರಿ. 2011ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು, ಮೊಟ್ಟೆ ಮಾಂಸಗಳಲ್ಲಿರುವ ಕೋಲಿನ್ ಮೊದಲಾದವುಗಳಿಂದ ಕರುಳಿನ ಸೂಕ್ಷ್ಮಜೀವಿಗಳ ಮೂಲಕ ಇದೇ ವಸ್ತುವು ಹುಟ್ಟುವುದೆಂದೂ, ಇಲಿಗಳಲ್ಲಿ ರಕ್ತನಾಳಗಳು ದಪ್ಪಗಟ್ಟಲು ಅದು ಕಾರಣವಾಗುವುದೆಂದೂ ತೋರಿಸಿದರು. 2013ರಲ್ಲಿ 4007 ಮಂದಿಯನ್ನು ಮೂರು ವರ್ಷ ಗಮನಿಸಿ, ರಕ್ತದಲ್ಲಿ ಇದು ಹೆಚ್ಚಾಗಿದ್ದವರಿಗೆ ಹೃದಯಾಘಾತಾದಿಗಳು ಹೆಚ್ಚೆಂದು ಹೇಳಿದರು. ಇದನ್ನು ಕೇಳಿದ ಕೂಡಲೆ, ಹಾಗಾದರೆ ಮೀನು ಹೃದಯಕ್ಕೆ ವಿಷವೆ ಎಂಬ ಶಂಕೆ ಏಳುವುದು ಸಹಜ. ಆದರೆ ಮೀನು ತಿನ್ನುವ ಜನರನ್ನು ಬಹುಕಾಲ ಗಮನಿಸಿದ ಅನೇಕ ಪರಿಶೀಲನೆಗಳು ಮಿತವಾಗಿ ಮೀನು ತಿನ್ನುವವರಿಗೆ ಹೃದಯರೋಗವು ಹೆಚ್ಚದೆ, ಕಡಿಮೆಯೇ ಎಂಬ ಕಡೆಗೆ ಒಲಿದಿವೆ. ಊಟದಿಂದ ನೇರವಾಗಿ ಬಂದು ಒಂದೆರಡು ದಿನದಲ್ಲಿ ಹೋಗುವುದು ಬೇರೆ. ಮೂತ್ರಪಿಂಡಗಳ ಶಕ್ತಿ ಕುಂದಿ ಒಳಗೇ ನಿಲ್ಲುವುದು ಬೇರೆ. ಒಂದು ಅಂಕಿಯನ್ನು ಹಿಡಿದು ಊಟವನ್ನು ಬಿಡುವವನು, ಬಾಗಿಲಲ್ಲಿ ಕಂಡ ಚಪ್ಪಲಿಯನ್ನು ನೋಡಿ ಬಂದವನು ಕಳ್ಳನೋ ನೆಂಟನೋ ಎಂದು ತೀರ್ಮಾನಿಸಿದಂತೆ.

ಮೈಯನ್ನೇ ಕೇಳುವ ಕೆಲಸವು ನಮ್ಮ ಕರ್ನಾಟಕದಲ್ಲಿ ನಡೆದು ಲೋಕದ ಲೆಕ್ಕವನ್ನೇ ತಿದ್ದಿದ ಉದಾಹರಣೆಯೊಂದಿದೆ. ಅನ್ನದಲ್ಲಿರುವ ಪ್ರೋಟೀನು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದಾದುದು. ಅವುಗಳಲ್ಲಿ ಲೈಸೀನ್ ಎಂಬುದು ಅಕ್ಕಿ ಗೋಧಿಗಳಲ್ಲಿ ಕಡಿಮೆ. ಬೇಳೆ, ಹಾಲು, ಮೀನುಗಳಲ್ಲಿ ಹೆಚ್ಚು. ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಗ್ರಾಂ ಲೈಸೀನ್ ಸಾಕೆಂದು 1985ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಹೇಳಿದ್ದುವು. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ವಿದ್ಯಾಲಯದಲ್ಲಿ ಡಾ. ಅನುರ ಕುರ್ಪಾಡ್ ಮತ್ತು ಸಂಗಡಿಗರು ಇದನ್ನು ನಮ್ಮವರ ಉಸಿರಿನಿಂದಲೇ ಅಳೆದು ನೋಡಿದರು. ಹೇಗೆಂದರೆ, ಒಂದು ಇಟ್ಟಿಗೆ ಸಾಲದಾದಾಗ ಮನೆ ಕಟ್ಟುವವನು ಉಳಿದ ಇಟ್ಟಿಗೆಗಳನ್ನು ಮೂಲೆಗೆ ಒಟ್ಟುವನು. ದೇಹವಾದರೋ ಅವನ್ನು ಸುಟ್ಟುಬಿಡುವುದು. ಸ್ವಲ್ಪ ಭಾರವಾದ ಇಂಗಾಲದ ಗುರುತು ಹಾಕಿದ ಇನ್ನೊಂದು ಅಮೈನೋ ಆಮ್ಲವನ್ನು ಊಟದೊಡನೆ ಕೊಟ್ಟು, ಆ ಗುರುತಿನ ಇಂಗಾಲವು ಉಸಿರಿನಲ್ಲಿ ಎಷ್ಟು ಬರುವುದೆಂದು ಅಳೆದರೆ, ಎಷ್ಟು ಲೈಸೀನ್ ಕೊಟ್ಟಾಗ ದೇಹವು ಸುಡುವುದನ್ನು ತಗ್ಗಿಸುವುದೆಂದು ತಿಳಿಯುವುದು. ಇಂತಹ ಪ್ರಯೋಗಗಳ ಬಲದಿಂದ 2007ರ ಹೊಸ ವರದಿಯಲ್ಲಿ ಆ ಅಳತೆಯು 12ರಿಂದ 30 ಮಿಲಿಗ್ರಾಮಿಗೆ ಏರಿತು.

ಈ ಅಂಕಿಗಳನ್ನು ಹಂಗಾರಕಟ್ಟೆಯ ಬಟ್ಟಲಿಗೆ ತಂದು ನೋಡಿರಿ. ಐವತ್ತು ಕಿಲೋಗ್ರಾಂ ತೂಕದ ಸ್ತ್ರೀಗೆ ಹಳೆಯ ಲೆಕ್ಕದಂತೆ ದಿನಕ್ಕೆ 600 ಮಿಲಿಗ್ರಾಂ ಸಾಕು. ಹೊಸ ಲೆಕ್ಕದಂತೆ ಸರಾಸರಿ 1500 ಬೇಕು. ಆಕೆ ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ಉಂಡರೆ ಅದರಲ್ಲಿ ಸುಮಾರು 20 ಗ್ರಾಂ ಪ್ರೋಟೀನು, ಲೈಸೀನ್ ಎಂಟುನೂರು ಮಿಲಿಗ್ರಾಮಿನ ಆಸುಪಾಸು. ಹಳೆಯ ಲೆಕ್ಕದಲ್ಲಿ ಅನ್ನ ಮತ್ತು ಸಾರಿನಿಂದಲೇ ಆಕೆಯ ಊಟವು ಪೂರ್ಣ. ಹೊಸ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಬಾಕಿ. ಐವತ್ತು ಗ್ರಾಂ ಮೀನಿನ ಮಾಂಸದಲ್ಲಿ, ಎಂದರೆ ಒಂದು ಒಳ್ಳೆಯ ಹೋಳಿನಲ್ಲಿ, ಸುಮಾರು ಅಷ್ಟೇ ಲೈಸೀನ್ ಇರುವುದು. ಮೀನು ತಿನ್ನದ ಮನೆಗಳಲ್ಲಿ ಐವತ್ತು ಗ್ರಾಂ ತೊಗರಿಬೇಳೆಯೋ ಹೆಸರುಬೇಳೆಯೋ ಬಹುಮಟ್ಟಿಗೆ ಅದೇ ಕೆಲಸ ಮಾಡುವುದು. ಮಡಕೆಯ ತಳದಲ್ಲಿ ಉಳಿಯದೆ ಹೋದ ಆ ಒಂದು ಹೋಳೇ ಆಕೆಯ ಬಾಕಿ. ಬಸುರಿಗೆ, ಮೊಲೆಯೂಡುವವಳಿಗೆ ಬೇಕಾದುದು ಇದಕ್ಕಿಂತಲೂ ಹೆಚ್ಚು.

ಮೈಸೂರಿನಿಂದ ಬಂದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಗರ್ಭಿಣಿಯರಾಗಿದ್ದ 785 ಸ್ತ್ರೀಯರ ರಕ್ತವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅವರಲ್ಲಿ ನೂರಕ್ಕೆ 43 ಮಂದಿಗೆ ಬಿ-12 ಜೀವಸತ್ತ್ವವು ಕಡಿಮೆಯಿತ್ತು. ಅಂತಹವರಲ್ಲಿ ಬಸುರಿನ ಸಕ್ಕರೆ ರೋಗವೂ ಹೆಚ್ಚಾಗಿ ಕಂಡಿತು. ಈ ಸತ್ತ್ವವು ಮೀನು, ಮೊಟ್ಟೆ, ಮಾಂಸ, ಹಾಲುಮೊಸರುಗಳಲ್ಲಿ ಮಾತ್ರ ದೊರೆಯುವುದು, ಕಾಯಿಪಲ್ಯಗಳಲ್ಲಿಲ್ಲ. ರಕ್ತದಲ್ಲಿ ಅದರ ಅಳತೆಯು ಎರಡೂ ಕಡೆಗೆ ಓಲಾಡುವಂತಿದ್ದಾಗ, ಮೀಥೈಲ್ ಮಲೋನಿಕ್ ಆಮ್ಲವೆಂಬ ಚಯಾಪಚಯ ವಸ್ತುವನ್ನು ನೋಡುವರು. ಬಿ-12 ಸಾಲದಿದ್ದರೆ ಅದರ ನೆರವಿನಿಂದ ನಡೆಯಬೇಕಾದ ಕೆಲಸವು ನಿಂತು ಈ ಆಮ್ಲವು ಶೇಖರವಾಗುವುದು. ಉಗ್ರಾಣದಲ್ಲಿ ಎಷ್ಟಿದೆಯೆಂದು ನೋಡುವುದಕ್ಕಿಂತ ಒಲೆಯ ಮುಂದೆ ಕೆಲಸ ನಿಂತಿದೆಯೆ ಎಂದು ನೋಡುವುದು ಹೆಚ್ಚು ಖಚಿತವಲ್ಲವೆ?

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಆಡದಿದ್ದರೆ ನಮ್ಮ ಕರ್ತವ್ಯವು ಪೂರ್ಣವಾಗದು. ಒಂದು ಬಟ್ಟಲು ಮೂತ್ರವು ಮೀನನ್ನು ಮಾತ್ರವಲ್ಲದೆ ಹೊಗೆಸೊಪ್ಪು, ಮದ್ಯ, ಔಷಧಿ ಎಲ್ಲವನ್ನೂ ಹೇಳಬಲ್ಲುದು. ಆದುದರಿಂದ ಅದನ್ನು ಕೊಡುವವರ ಒಪ್ಪಿಗೆಯು ಅವರದೇ ಆಗಿರತಕ್ಕದ್ದು. ಸೊಸೆಯ ಪರವಾಗಿ ಅತ್ತೆಯು ಹೂಂ ಎನ್ನುವುದೂ ಹೆಂಡತಿಯ ಪರವಾಗಿ ಗಂಡನು ರುಜು ಹಾಕುವುದೂ ಸಲ್ಲದು. ಫಲಿತಾಂಶವನ್ನು ಆಕೆಗೇ, ಆಕೆಯ ಭಾಷೆಯಲ್ಲಿ, ಬೇರೆಯವರಿಲ್ಲದಾಗ ತಿಳಿಸಬೇಕು. "ನಿಮ್ಮ ಸೊಸೆಗೆ ಹೋಳು ಸಿಕ್ಕುವುದಿಲ್ಲವಂತೆ" ಎಂದು ಜಗಲಿಯ ಮೇಲೆ ನಿಂತು ಓದಿದರೆ ಆ ದಿನ ಆಕೆಗೆ ಸಾರೂ ಸಿಕ್ಕದೆ ಹೋದೀತು.

ಇಂತಹ ಪರೀಕ್ಷೆಯನ್ನು ನಾವೂ ಮಾಡಿಸಿಕೊಳ್ಳಬೇಕೆ ಎಂದು ಕೆಲವು ವಾಚಕರು ಕೇಳಬಹುದು. ಬೇಡವೆಂದೇ ನಮ್ಮ ಸಲಹೆ. ನೂರಾರು ಜನರನ್ನು ಒಟ್ಟಿಗೆ ನೋಡಿ ಸತ್ಯವನ್ನು ಹುಡುಕುವುದಕ್ಕೆ ಇದು ಒಳ್ಳೆಯ ಉಪಕರಣ. ಒಬ್ಬರ ನಾಳಿನ ಅಡಿಗೆಯನ್ನು ಗೊತ್ತುಮಾಡುವಷ್ಟು ಇದಿನ್ನೂ ಮಾಗಿಲ್ಲ. ನಿಮ್ಮ ಮೂತ್ರಕ್ಕೆ ತಕ್ಕ ಊಟವನ್ನು ಬರೆದುಕೊಡುವೆವೆಂದು ಹಣ ಕೇಳುವ ಪ್ರಕಟನೆಗಳಿಗೆ ಯಾರೂ ಮರುಳಾಗಬಾರದು. ಸುಸ್ತು, ಕಣ್ಣು ಕತ್ತಲೆಗಟ್ಟುವುದು, ಕೈಕಾಲು ಜೋಮು ಹಿಡಿಯುವುದು ಇದ್ದರೆ ಊರಿನ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಹಿಮೋಗ್ಲೋಬಿನ್, ಸಕ್ಕರೆ, ಬಿ-12 ಇವುಗಳ ಸಾಮಾನ್ಯ ಪರೀಕ್ಷೆಗಳನ್ನು ಮಾಡಿಸಿದರೆ ಸಾಕು.

ಮನೆಯಲ್ಲಿ ಮಾಡಬೇಕಾದುದಕ್ಕಾದರೋ ಯಂತ್ರವು ಬೇಡ. ಅತ್ತೆಯಂದಿರಲ್ಲಿಯೂ ಮಾವಂದಿರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಸಾರು ಇಳಿಸಿದ ಕೂಡಲೆ, ಯಾರಿಗೂ ಬಡಿಸುವ ಮೊದಲು, ಕೊನೆಗೆ ಉಣ್ಣುವವರ ಪಾಲಿನ ಹೋಳನ್ನು ಒಂದು ಸಣ್ಣ ಪಾತ್ರೆಯಲ್ಲಿ ತೆಗೆದು ಮುಚ್ಚಿಡಿರಿ. ಸಸ್ಯಾಹಾರದ ಮನೆಯವರು ಹುಳಿಯ ತಿಳಿಯನ್ನು ಬಿಟ್ಟು ತಳದ ಬೇಳೆಯನ್ನೂ, ಒಂದು ಲೋಟ ಮೊಸರನ್ನೂ ಹೀಗೆಯೇ ತೆಗೆದಿಡಲಿ. ಮಳೆಗಾಲದಲ್ಲಿ ಮೀನು ದುಬಾರಿಯಾದಾಗ ಹೋಳುಗಳನ್ನು ಚಿಕ್ಕದಾಗಿ ಮಾಡಿ ಎಲ್ಲರಿಗೂ ಒಂದೊಂದು ಬರುವಂತೆ ಹೆಚ್ಚಿರಿ. ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಪಂಕ್ತಿಯಲ್ಲಿಯೇ ಕೂರಿಸಿ ಬಡಿಸಿರಿ. ಮುಂದೆ ಯಾರಾದರೂ ಪುಸ್ತಕ ಹಿಡಿದು ಬಂದು ನಿನ್ನೆ ಏನು ಉಂಡಿರೆಂದು ಕೇಳಿದಾಗ, ಎಲ್ಲರೂ ಉಂಡದ್ದನ್ನೇ ಉಂಡೆನೆಂದು ಆ ಸೊಸೆ ಹೇಳಲಿ. ಆಕೆಯ ರಕ್ತವೂ ಅದನ್ನೇ ಹೇಳಲಿ.